ಎಪ್ಪತ್ತಕ್ಕೆ ಅರವತ್ತೆಂಟು

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಪುರಸಭೆಯ ಪರವಾಗಿ ವಿಶ್ವವಿದ್ಯಾಲಯದಿಂದ ಇವಾಕಿರಿ ಎಂಬಾಕೆ ಬಂದಿದ್ದರು. ಶಿಶುವಿಹಾರದ ಶಿಕ್ಷಕಿಯರ ಮನಸ್ಸು ಎಷ್ಟು ನೆಮ್ಮದಿಯಾಗಿದೆ ಎಂದು ಅಳೆಯುತ್ತಾರಂತೆ. ಮೂವತ್ತಮೂರು ವರ್ಷದಿಂದ ಮಕ್ಕಳ ಎತ್ತರ, ತೂಕ, ತಲೆಯ ಸುತ್ತಳತೆ ಅಳೆಯುತ್ತ ಬಂದವಳು ನಾನು. ನನ್ನನ್ನೇ ಅಳೆಯಲು ಒಬ್ಬರು ಬಂದದ್ದು ಇದೇ ಮೊದಲು. ಹದಿನಾಲ್ಕು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು ಎಪ್ಪತ್ತು. ಈಗೊಮ್ಮೆ, ನವೆಂಬರ್ ಕೊನೆಗೆ ಇನ್ನೊಮ್ಮೆ. ಜೊತೆಗೆ ಎಲ್ಲರಿಗೂ ಈ ನೋಟ್‌ಬುಕ್ ಕೊಟ್ಟಿದ್ದಾರೆ.

"ದಿನಾ ಮನಸ್ಸಿಗೆ ಬಂದದ್ದು ಬರೀರಿ. ಇದನ್ನ ನಾವು ವಾಪಸ್ ಕೇಳಲ್ಲ, ಯಾರೂ ಓದಲ್ಲ," ಎಂದರು.

ಯಾರೂ ಓದದಿದ್ದರೆ ಬರೆಯುವುದೇಕೋ ನನಗೆ ತಿಳಿಯದು. ಆದರೆ ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ದಿನಾ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಹನ್ನೆರಡು ಮಕ್ಕಳ ಹನ್ನೆರಡು ಸಂಪರ್ಕ ಪುಸ್ತಕ ಬರೆಯಬೇಕು. ಜ್ವರ ಇದೆಯೋ ಇಲ್ಲವೋ, ನಿದ್ದೆ ಎಷ್ಟು, ಕಕ್ಕ ಆಯಿತೇ ಎಂದು ಬೆಳಗ್ಗೆ ಅಮ್ಮಂದಿರು ಮನೆಯ ಸುದ್ದಿ ಬರೆದು ಕಳಿಸುತ್ತಾರೆ. ಸಂಜೆ ನಮ್ಮ ಸುದ್ದಿ ಹೋಗುತ್ತದೆ. ಅದರಲ್ಲಿ ಕೆಟ್ಟ ಮಾತು ಒಂದೂ ಇರಬಾರದು, ಅದು ನಮ್ಮ ಹಮಗುರಿ ಶಿಶುವಿಹಾರದ ಪದ್ಧತಿ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ತಟ್ಟೆ ಬೋರಲು ಹಾಕಿದ ಮಗು 'ಆಹಾರವನ್ನು ಕೈಯಾರೆ ಪರೀಕ್ಷಿಸಿತು'. ಎರಡು ಗಂಟೆ ಕಿರುಚಿ ಅತ್ತ ಮಗು 'ಭಾವನೆಗಳನ್ನು ಧಾರಾಳವಾಗಿ ಹೊರಹಾಕಿತು'. ಇವತ್ತು ಮೂವರನ್ನು ಕಚ್ಚಿದ ರಿಹಿತೊ 'ಗೆಳೆಯರ ಮೇಲೆ ಅಪಾರ ಆಸಕ್ತಿ ತೋರಿದ'. ಉಳಿದ ಶಿಕ್ಷಕಿಯರು ಬರೆದದ್ದೂ ನನ್ನ ಕೆಂಪು ಪೆನ್ಸಿಲ್ ದಾಟಿಯೇ ಮನೆಗೆ ಹೋಗಬೇಕು.

ಇರಲಿ, ಇಲ್ಲಿ ಎಲ್ಲರೂ ನನ್ನನ್ನು ಫುಮಿ ಸೆನ್ಸೆ, ಅಂದರೆ ಫುಮಿ ಟೀಚರ್, ಎನ್ನುತ್ತಾರೆ; ಅದೇ ಧಾಟಿಯಲ್ಲಿ ಇವತ್ತಿನ ನನ್ನ ವರದಿ. ಫುಮಿ ಸೆನ್ಸೆ ಮಧ್ಯಾಹ್ನದ ಊಟವನ್ನು ನಿಂತುಕೊಂಡೇ ಚುರುಕಾಗಿ ಮುಗಿಸಿದರು. ಎಡ ಮೊಣಕಾಲು ತಾನಿದ್ದೇನೆಂದು ದಿನವಿಡೀ ಉತ್ಸಾಹದಿಂದ ನೆನಪಿಸಿತು. ಶೌಚಾಲಯಕ್ಕೆ ಹೋಗುವ ಆಸೆಯನ್ನು ನಾಲ್ಕು ಗಂಟೆ ಸಂಯಮದಿಂದ ತಡೆದುಕೊಂಡರು. ಮನೆಗೆ ಬಂದು ಗಂಡ ಇಸಾಮುವಿನೊಂದಿಗೆ ಗಟ್ಟಿ ದನಿಯಲ್ಲಿ ಅಭಿಪ್ರಾಯ ವಿನಿಮಯ ಮಾಡಿದರು.

ಸೆಪ್ಟೆಂಬರ್ 12, ಶುಕ್ರವಾರ

ಪ್ರಶ್ನೆಪತ್ರಿಕೆ ತುಂಬಿದೆವು. ನಾನು ನಾಲ್ಕು ನಿಮಿಷದಲ್ಲಿ ಎಲ್ಲಕ್ಕೂ ಐದು ಹಾಕಿ ಮುಗಿಸಿದೆ, ಅದರಲ್ಲಿ ಒಂದು ನಿಮಿಷ ಒಂದು ಮಗುವಿನ ಚಡ್ಡಿ ಬದಲಾಯಿಸಲು ಹೋಯಿತು.

ನನ್ನ ಜೊತೆ ಬಾತುಕೋಳಿ ಗುಂಪನ್ನು, ಅಂದರೆ ನಮ್ಮ ಹನ್ನೆರಡು ಮಕ್ಕಳನ್ನು, ನೋಡಿಕೊಳ್ಳುವವಳು ಕೊಹಾರು. ಇಪ್ಪತ್ತನಾಲ್ಕು ವರ್ಷ, ಇಲ್ಲಿಗೆ ಬಂದು ಮೂರನೇ ವರ್ಷ. ರಿಹಿತೊ ಅಳುವಾಗ ಅವಳ ತೋಳೇ ಬೇಕು, ನನ್ನದು ಕೊಟ್ಟರೆ ಕಚ್ಚುತ್ತಾನೆ. ಅವಳು ಪೆನ್ಸಿಲ್ ಕಚ್ಚುತ್ತ ಕೂತಿದ್ದಳು.

"ಫುಮಿ ಸೆನ್ಸೆ, 'ಕಳೆದ ತಿಂಗಳು ಎಷ್ಟು ಸಲ ಬದುಕು ಹಗುರ ಅನ್ನಿಸಿತು' ಅಂತ ಕೇಳಿದಾರೆ. ಬಾತ್‌ರೂಮಿಗೆ ಹೋಗಿ ಬಂದಾಗ ಅನ್ನಿಸಿದ್ದನ್ನ ಲೆಕ್ಕಕ್ಕೆ ತಗೋಬೋದಾ?"

"ಐದು ಹಾಕಿ ಮುಗಿಸೇ. ಮಕ್ಕಳು ಏಳೋ ಹೊತ್ತಾಯ್ತು."

"ದಿನಾ ಅನ್ನಿಸಿದ್ರೆ ಮಾತ್ರ ಐದು. ನಾವು ದಿನಾ ಹೋಗಲ್ವಲ್ಲ."

ಕೊಹಾರು ಸೆನ್ಸೆ ಪ್ರಶ್ನೆಗಳನ್ನು ಆಳವಾಗಿ ಚಿಂತಿಸುವ ಸ್ವಭಾವದವರು.

ಸೆಪ್ಟೆಂಬರ್ 16, ಮಂಗಳವಾರ

ಮುಖ್ಯಸ್ಥೆ ನಾಗತ್ಸುಕ ಅವರು ಏಳೂ ಜನರ ಉತ್ತರಪತ್ರಿಕೆಗಳನ್ನು ತಂದು ನನ್ನ ಮುಂದಿಟ್ಟರು. ಇವಾಕಿರಿ ಲಕೋಟೆಗಳನ್ನು ಕೊಟ್ಟು, ಅವರವರೇ ಅಂಟಿಸಿ ಕೊಡಲಿ ಎಂದಿದ್ದರು. ಮುಖ್ಯಸ್ಥೆಗೆ ಅದು ಹಿಡಿಸಿರಲಿಲ್ಲ.

"ಅಂಟಿಸಿದ್ರೆ ನಾವೇನೋ ಮುಚ್ಚಿಡ್ತಿದೀವಿ ಅನ್ನೋ ಹಾಗೆ ಕಾಣುತ್ತೆ. ನೀವೊಂದ್ಸಲ ನೋಡಿಬಿಡಿ. ನಿಮ್ಮ ಕಣ್ಣು ದಾಟದೆ ಇಲ್ಲಿಂದ ಒಂದು ಚೀಟಿನೂ ಹೊರಗೆ ಹೋಗಿಲ್ಲ."

ನೋಡಿದೆ. ಎಲ್ಲವೂ ಪೆನ್ಸಿಲ್ಲಿನಲ್ಲಿತ್ತು. ಅಕ್ಷರದೋಷ ಒಂದೂ ಇರಲಿಲ್ಲ. ಆದರೆ ಆ ಅಂಕಗಳು! ಸೊನ್ನೆ, ಒಂದು, ಎರಡು, ಮತ್ತೆ ಸೊನ್ನೆ. ಮನೆಯ ಮಾನವನ್ನು ಬೀದಿಯಲ್ಲಿ ಹರಾಜಿಗಿಡುವುದೆಂದರೆ ಇದೇ. ಕೊಹಾರುವಿನದು ಒಟ್ಟು ಹತ್ತೊಂಬತ್ತು. ಕೊನೆಯಲ್ಲಿ 'ಬೇರೇನಾದರೂ ಹೇಳುವುದಿದೆಯೇ' ಎಂಬ ಕಡೆ ಬರೆದಿದ್ದಳು: 'ಮಧ್ಯಾಹ್ನದ ಊಟವನ್ನು ಕುಳಿತುಕೊಂಡು ಮಾಡಬೇಕೆಂದು ಆಸೆ.'

ಪಾಪ, ಬರೆಯಲು ಬರುವುದಿಲ್ಲ. ರಬ್ಬರ್ ತೆಗೆದುಕೊಂಡೆ. ಮೂರು ವರ್ಷ ತಿದ್ದಿ ತಿದ್ದಿ ಅವಳ ಅಕ್ಷರ ನನಗೆ ಕರಗತ. 'ಮಕ್ಕಳ ನಡುವೆ ಓಡಾಡುತ್ತ ಊಟ ಮಾಡುವಾಗ ಮನಸ್ಸು ತುಂಬಿ ಬರುತ್ತದೆ' ಎಂದು ಬರೆದೆ. ಉಳಿದ ಐವರದ್ದನ್ನೂ ಅಷ್ಟಿಷ್ಟು ಸರಿಮಾಡಿದೆ. ಮುಕ್ಕಾಲು ಗಂಟೆ ಹಿಡಿಯಿತು.

ಫುಮಿ ಸೆನ್ಸೆ ಇಂದು ಸಹೋದ್ಯೋಗಿಗಳಿಗೆ ಪ್ರೀತಿಯಿಂದ ನೆರವಾದರು.

ಅಕ್ಟೋಬರ್ 11, ಶನಿವಾರ

ಕ್ರೀಡಾದಿನ. ಮೊಣಕಾಲು ಭಾವನೆಗಳನ್ನು ಧಾರಾಳವಾಗಿ ಹೊರಹಾಕಿತು. ಮಲಗುತ್ತೇನೆ.

ಅಕ್ಟೋಬರ್ 21, ಮಂಗಳವಾರ

ಪುರಸಭೆಯಿಂದ ಪತ್ರ ಬಂತು. ಊರಿನ ಒಂಬತ್ತು ಶಿಶುವಿಹಾರಗಳಲ್ಲಿ ನಮ್ಮದೇ ಮೊದಲು. ಶಿಕ್ಷಕಿಯರ ನೆಮ್ಮದಿಯ ಸರಾಸರಿ ಎಪ್ಪತ್ತಕ್ಕೆ ಅರವತ್ತೆಂಟು. ಚೌಕಟ್ಟು ಹಾಕಿದ ಪ್ರಮಾಣಪತ್ರವೂ ಬಂತು. ಮುಖ್ಯಸ್ಥೆ ಮೊಳೆ ಹೊಡೆಸಿ ಬಾಗಿಲ ಎದುರಿಗೇ ತೂಗುಹಾಕಿಸಿದರು. ಆಮೇಲೆ ಪತ್ರದ ಎರಡನೇ ಹಾಳೆ ಓದಿದರು.

ಎರಡನೇ ಹಾಳೆಯಲ್ಲಿ ಇದ್ದದ್ದು ಇಷ್ಟು: ಮಕ್ಕಳು ಮಲಗುವ ಹೊತ್ತಿನಲ್ಲಿ ಕಾವಲು ಕೂರಲು ಪುರಸಭೆ ಒಬ್ಬ ಸಹಾಯಕರನ್ನು ಕೊಡುತ್ತದೆ, ಆ ಹೊತ್ತಿನಲ್ಲಿ ಶಿಕ್ಷಕಿಯರು ಕುಳಿತು ಉಣ್ಣಬಹುದು. ಇರುವುದು ಒಬ್ಬರೇ ಸಹಾಯಕರು. ನೆಮ್ಮದಿ ಅತಿ ಕಡಿಮೆ ಇರುವ ಕಡೆಗೆ, ಅಂದರೆ ಮೂವತ್ತೊಂದು ಅಂಕದ ತ್ಸುಕುಶಿ ಶಿಶುವಿಹಾರಕ್ಕೆ, ಅವರನ್ನು ಕಳಿಸಲಾಗಿದೆ. 'ನಿಮ್ಮಲ್ಲಿ ಆ ಅಗತ್ಯವಿಲ್ಲವೆಂದು ತಿಳಿದು ಸಂತೋಷ.'



ಮಧ್ಯಾಹ್ನ ಮಕ್ಕಳು ಮಲಗಿದ್ದರು. ನಾವು ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಮಗುವಿನ ಬೆನ್ನ ಮೇಲೆ ಕೈಯಿಟ್ಟು ಉಸಿರು ನೋಡಿ ಗುರುತು ಹಾಕುತ್ತೇವೆ. ಕೊಹಾರು ರಿಹಿತೊನ ಬೆನ್ನ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ.

"ಫುಮಿ ಸೆನ್ಸೆ, ನಾವು ಏಳು ಜನ ಅಲ್ವಾ? ಏಳು ಅರವತ್ತೆಂಟ್ಲೆ ನಾನೂರ ಎಪ್ಪತ್ತಾರು. ನಾನು ಹತ್ತೊಂಬತ್ತು ಕೊಟ್ಕೊಂಡಿದ್ದೆ. ಅದನ್ನ ಕಳೆದ್ರೆ ನಾನೂರ ಐವತ್ತೇಳು. ಆರು ಜನಕ್ಕೆ ಹಂಚಿದ್ರೆ ತಲೆಗೆ ಎಪ್ಪತ್ತಾರು."

"ಮೆತ್ತಗೆ ಮಾತಾಡು, ಮಕ್ಕಳು ಏಳ್ತಾರೆ."

"ಎಪ್ಪತ್ತಕ್ಕೆ ಎಪ್ಪತ್ತಾರು ಹೇಗೆ ಬರುತ್ತೆ, ಸೆನ್ಸೆ?"

ಕಾಲೇಜಿನಲ್ಲಿ ಈ ಹುಡುಗಿಗೆ ಗಣಿತ ಕಲಿಸಿದವರು ಯಾರೋ.

ಅಕ್ಟೋಬರ್ 22, ಬುಧವಾರ

ಇದು ಮುಖ್ಯಸ್ಥೆಯದೇ ಕೆಲಸ ಎಂದು ಕೊಹಾರು ತೀರ್ಮಾನಿಸಿದ್ದಾಳೆ. "ಮುಖ ನೋಡಿದ್ರೆ ಗೊತ್ತಾಗಲ್ವಾ, ಪ್ರಮಾಣಪತ್ರ ದಿನಾ ಒರೆಸ್ತಾರೆ," ಎಂದಳು. ನಾನು ಚಡ್ಡಿಗಳನ್ನು ಮಡಚುತ್ತ ಕೂತಿದ್ದೆ. ಮಡಚಿದ್ದನ್ನೇ ಮತ್ತೆ ಮಡಚಿದೆ.

ಅಕ್ಟೋಬರ್ 30, ಗುರುವಾರ

ಕೊಹಾರುವಿಗೆ ಇವತ್ತೂ ಹೇಳಲಿಲ್ಲ.

ನವೆಂಬರ್ 7, ಶುಕ್ರವಾರ

ಮುಂದಿನ ಏಪ್ರಿಲ್‌ನಿಂದ ಇರುತ್ತೀರೋ ಬಿಡುತ್ತೀರೋ ಎಂದು ಪ್ರತಿ ವರ್ಷ ಈ ತಿಂಗಳು ಚೀಟಿ ಬರೆದುಕೊಡಬೇಕು. ಕೊಹಾರು 'ಬಿಡುತ್ತೇನೆ' ಎಂದು ಬರೆದು ಕೊಟ್ಟಳು. ಮುಖ್ಯಸ್ಥೆ ಅದನ್ನು ಓದಿ, "ಜನವರಿ ಕೊನೆವರೆಗೂ ನನ್ನ ಡ್ರಾಯರಲ್ಲೇ ಇರ್ಲಿ, ಯೋಚನೆ ಮಾಡಮ್ಮಾ," ಎಂದರಂತೆ.

ಸಂಜೆ ಚಪ್ಪಲಿ ಗೂಡಿನ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದೆ. "ಕೆಲಸ ಕಷ್ಟ ಅಂತ ಬಿಡ್ತಿದೀಯಾ?"

"ಕಷ್ಟ ಅಂತ ಇಲ್ಲಿಗೆ ಬರೋ ಮುಂಚೆನೇ ಗೊತ್ತಿತ್ತು. ಚೆನ್ನಾಗಿಲ್ಲ ಅಂತ ಹೇಳೋಕೆ ಒಂದೇ ಒಂದು ಹಾಳೆ ಸಿಕ್ಕಿತ್ತು, ಸೆನ್ಸೆ. ಅದನ್ನೂ ಯಾರೋ ಕಿತ್ಕೊಂಡ್ರು. ಸೊನ್ನೆ ಹಾಕೋಕೂ ಹಕ್ಕಿಲ್ಲದ ಕಡೆ ಇದ್ದೇನು ಮಾಡ್ಲಿ?"

ಮನೆಗೆ ಬಂದು ಇಸಾಮುವಿಗೆ ಎಲ್ಲ ಹೇಳಿದೆ. ಅವನು ದೋಣಿ ಇಂಜಿನ್ ರಿಪೇರಿ ಮಾಡುವವನು, ಸುತ್ತಿಬಳಸಿ ಮಾತಾಡಿ ಅಭ್ಯಾಸವಿಲ್ಲ. "ಅದಕ್ಕೆ ಮೋಸ ಅಂತಾರೆ ಕಣೇ," ಎಂದ. ಇಸಾಮು ಇಂದು ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ

ಇಲ್ಲ. ಅವನು ಹೇಳಿದ್ದು ಸರಿ.

ನವೆಂಬರ್ 13, ಗುರುವಾರ

ಸ್ಟೇಷನ್ ಎದುರು ಗಾಡಿಯವನ ಹತ್ತಿರ ಎರಡು ಸುಟ್ಟ ಗೆಣಸು ಕೊಂಡುಕೊಂಡು ಕೊಹಾರುವಿಗಾಗಿ ಬಸ್ ನಿಲ್ದಾಣದಲ್ಲಿ ಕಾದೆ. ಗೆಣಸು ಆರಿತು. ಬಸ್ಸು ಎರಡು ಹೋದವು. ಅವಳು ಬಂದಾಗ ನಾನು ನೆಟ್ಟಗೆ ವಿಷಯಕ್ಕೆ ಬರಲಿಲ್ಲ. ಚಳಿ ಬಂತು ಅಂದೆ, ರಿಹಿತೊನ ನೆಗಡಿ ಅಂದೆ.

"ಸೆನ್ಸೆ, ಏನಾಯ್ತು ಹೇಳಿ."

"ನಿನ್ನ ಹಾಳೆ ತಿದ್ದಿದ್ದು ನಾನು."

ಅವಳು ಚೀಲವನ್ನು ಬೆಂಚಿನ ಮೇಲಿಟ್ಟಳು. "ಹತ್ತೊಂಬತ್ತನ್ನ ಎಷ್ಟು ಮಾಡಿದ್ರಿ?"

"ಅರವತ್ತಾರು."

"ಎಪ್ಪತ್ತೇ ಮಾಡ್ಬೋದಿತ್ತಲ್ಲ."

"ನಂಬೋ ಹಾಗಿರ್ಬೇಕಲ್ಲಾ ಅಂತ..."

ನಗುತ್ತಾಳೇನೋ ಅಂದುಕೊಂಡೆ. ನಗಲಿಲ್ಲ. "ಕೊನೇ ಸಾಲು?" ಎಂದಳು. ಅದನ್ನೂ ಹೇಳಿದೆ, ಮನಸ್ಸು ತುಂಬಿ ಬರುತ್ತದೆ ಎಂಬುದರ ತನಕ. ಅವಳ ಕಣ್ಣಲ್ಲಿ ನೀರು ಬಂತು.

"ಮೂರು ವರ್ಷ ನನ್ನ ಪುಸ್ತಕಗಳನ್ನೆಲ್ಲ ತಿದ್ದಿದ್ರಿ, ಸುಮ್ನಿದ್ದೆ. ಅದು ಅಮ್ಮಂದಿರಿಗೆ ಹೋಗೋದು, ಪರವಾಗಿಲ್ಲ ಅಂದ್ಕೊಂಡೆ. ಇದು ನಂದಾಗಿತ್ತು."

ಬಸ್ಸು ಬಂತು. ಒಂದು ಗೆಣಸು ತೆಗೆದುಕೊಂಡು ಹತ್ತಿದಳು. ಯಾಕೆ ತೆಗೆದುಕೊಂಡಳೋ ತಿಳಿಯಲಿಲ್ಲ. ಹಸಿವಾಗಿತ್ತು ಅಂತ ಕಾಣುತ್ತದೆ, ಮಧ್ಯಾಹ್ನ ಊಟಕ್ಕೆ ಕೂರಲು ಹೋಗಿ ಮೂರು ಸಲ ಎದ್ದಿದ್ದಳು. ಅದು ನನಗೆ ಕಂಡಿತ್ತು. ಮೂರು ವರ್ಷದಿಂದಲೂ ಕಾಣುತ್ತಲೇ ಇತ್ತು.

ನವೆಂಬರ್ 28, ಶುಕ್ರವಾರ

ಎರಡನೇ ಸುತ್ತಿನ ಪ್ರಶ್ನೆಪತ್ರಿಕೆ. ಅದೇ ಹದಿನಾಲ್ಕು ಪ್ರಶ್ನೆ. ಹೋದ ಸಲ ನಾಲ್ಕು ನಿಮಿಷ, ಈ ಸಲ ಎರಡು ದಿನ ಬೇಕಾಯಿತು. 'ಕಳೆದ ತಿಂಗಳು ಎಷ್ಟು ಸಲ ಸಂತೋಷವಾಗಿದ್ದಿರಿ?' ಲೆಕ್ಕ ಹಾಕಲು ಕೂತೆ. ರಿಹಿತೊ ಮೊದಲ ಸಲ ತಾನಾಗಿ ಶೂ ಹಾಕಿಕೊಂಡ ದಿನ. ಸ್ನಾನದ ತೊಟ್ಟಿಯಲ್ಲಿ ಬಿಸಿನೀರಿನಲ್ಲಿ ಕೂತಾಗ ಎರಡು ಸಲ, ಮೂರನೇ ಸಲ ಅಲ್ಲೇ ನಿದ್ದೆ ಹೋಗಿದ್ದೆ, ಅದು ಲೆಕ್ಕಕ್ಕಿಲ್ಲ. 'ಕೆಲಸದಲ್ಲಿ ನನ್ನ ಅನಿಸಿಕೆಯನ್ನು ಹೇಳಬಲ್ಲೆ ಎನ್ನಿಸಿತೇ?' ಸೊನ್ನೆ. ಒಟ್ಟು ಇಪ್ಪತ್ತಮೂರು ಆಯಿತು. ಎರಡು ಸಲ ಕೂಡಿಸಿದೆ.

ಸಂಜೆ ಮುಖ್ಯಸ್ಥೆ ಮತ್ತೆ ಕಟ್ಟು ಹಿಡಿದು ಬಂದರು. "ಫುಮಿ ಸೆನ್ಸೆ, ಒಂದ್ಸಲ ನೋಡಿಬಿಡಿ."

"ನೋಡಲ್ಲ. ಲಕೋಟೆಗಳು ಎಲ್ಲಿ?"

"ಯಾವ ಲಕೋಟೆ?"

"ಅಂಟಿಸೋಕೆ ಕೊಟ್ಟಿದ್ದು. ಎಲ್ಲರನ್ನೂ ಕರೀರಿ, ಅವರವರ ಹಾಳೆ ಅವರವರೇ ಅಂಟಿಸ್ಲಿ."

ಎಲ್ಲರೂ ಬಂದರು. ಆರು ಜನರ ಮುಂದೆ ನಿಂತು, ಹೋದ ಸಲದ ಅಂಕಗಳನ್ನೆಲ್ಲ ತಿದ್ದಿದ್ದು ನಾನೇ ಎಂದೆ. ಮುಖ್ಯಸ್ಥೆ ಗೋಡೆಯ ಪ್ರಮಾಣಪತ್ರವನ್ನೊಮ್ಮೆ ನೋಡಿ ಕುರ್ಚಿಯ ಮೇಲೆ ಕೂತರು. ಅದು ಮಕ್ಕಳ ಕುರ್ಚಿ, ಮೊಣಕಾಲು ಗಲ್ಲಕ್ಕೆ ಬಂತು. ಬೈಗುಳ ಬೀಳುತ್ತದೆ ಎಂದು ನಿಂತಿದ್ದೆ. ಬದಲಿಗೆ ಅಡುಗೆಮನೆ ಕಡೆ ನಿಂತಿದ್ದ ಒಬ್ಬಳು, "ಅಯ್ಯೋ, ನಾನೊಬ್ಬಳೇ ಕಡಿಮೆ ಹಾಕ್ಕೊಂಡಿದೀನಿ, ನೀವೆಲ್ಲ ಸುಖವಾಗಿದೀರ ಅಂದ್ಕೊಂಡು ಒಂದು ತಿಂಗಳಿಂದ ಮನೇಲಿ ಅಳ್ತಿದೀನಿ," ಎಂದಳು. ಇನ್ನೊಬ್ಬಳು, "ನಾನೂ," ಎಂದಳು. ಐವರೂ ಅದನ್ನೇ ಹೇಳಿದರು. ಕೊಹಾರು ಮಾತ್ರ ತನ್ನ ಲಕೋಟೆಗೆ ಅಂಟು ಹಚ್ಚುತ್ತಿದ್ದಳು, ಬೇಕಾದ್ದಕ್ಕಿಂತ ಜಾಸ್ತಿ.

ಡಿಸೆಂಬರ್ 5, ಶುಕ್ರವಾರ

ಇವಾಕಿರಿ ಓಡಿಬಂದರು. ಅವರ ಯಂತ್ರದಲ್ಲಿ ನಮ್ಮ ಏಳೂ ಜನರ ಹೆಸರಿನ ಮುಂದೆ ಕೆಂಪು ಗುರುತು ಬಂದಿತ್ತಂತೆ. ಆದರೆ ಪೂರ್ತಿ ಎಪ್ಪತ್ತರಿಂದ ಇಪ್ಪತ್ತಮೂರಕ್ಕೆ ಇಳಿದವರು ಇಡೀ ಊರಿನಲ್ಲಿ ನಾನೊಬ್ಬಳೇ.

"ಈ ಎರಡು ತಿಂಗಳಲ್ಲಿ ನಿಮಗೇನಾಯ್ತು, ಫುಮಿ ಸೆನ್ಸೆ? ಮನೇಲಿ ಯಾರಿಗಾದ್ರೂ ಏನಾದ್ರೂ...? ನನ್ನ ಹತ್ರ ಹೇಳ್ಕೋಬೋದು," ಎಂದು ನನ್ನ ಕೈ ಹಿಡಿದುಕೊಂಡರು.

"ಏನೂ ಆಗಿಲ್ಲ. ಸೆಪ್ಟೆಂಬರಲ್ಲೂ ಇಪ್ಪತ್ತಮೂರೇ ಇತ್ತು, ನನಗೆ ಗೊತ್ತಿರ್ಲಿಲ್ಲ."

ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂಬತ್ತು ಶಿಶುವಿಹಾರಗಳ ಲೆಕ್ಕವನ್ನು ಮತ್ತೆ ಮಾಡಬೇಕಂತೆ. ನಾನು ತಲೆಬಾಗಿ ನಿಂತೆ, ಅವರು ಹೋಗುವ ತನಕ ಎತ್ತಲಿಲ್ಲ.

ಪುರಸಭೆಗೆ ಕ್ಷಮಾಪಣೆ ಪತ್ರ ಬರೆಯಬೇಕು. ಮೊದಲ ಸಲ ಬರೆದದ್ದು: 'ಸಹೋದ್ಯೋಗಿಗಳ ಉತ್ತರಪತ್ರಿಕೆಗಳ ಮೇಲೆ ಅಪಾರ ಆಸಕ್ತಿ ತೋರಿದೆ.' ಓದಿ ನೋಡಿದೆ. ಇದು ರಿಹಿತೊ ಕಚ್ಚಿದಾಗ ಬರೆಯುವ ಸಾಲು. ಹರಿದು ಹಾಕಿ, 'ಅಂಕಗಳನ್ನು ಅಳಿಸಿ ಬೇರೆ ಬರೆದೆ. ತಪ್ಪು ಮಾಡಿದೆ,' ಎಂದು ಬರೆದೆ. ಪತ್ರ ಬಹಳ ಚಿಕ್ಕದಾಯಿತು.

ಡಿಸೆಂಬರ್ 19, ಶುಕ್ರವಾರ

ಎರಡನೇ ಸುತ್ತಿನಲ್ಲಿ ನಮ್ಮ ಸರಾಸರಿ ಇಪ್ಪತ್ತೇಳು. ಊರಿಗೆಲ್ಲ ಕೊನೆ. ಪುರಸಭೆಯವರು ಪ್ರಮಾಣಪತ್ರ ವಾಪಸ್ ಒಯ್ದರು, ಗೋಡೆಯಲ್ಲಿ ಮೊಳೆ ಉಳಿಯಿತು. ಮುಖ್ಯಸ್ಥೆ ಅದಕ್ಕೆ ರಿಹಿತೊ ಬಳಿದ ಚಿತ್ರ ತೂಗುಹಾಕಿದ್ದಾರೆ. ಎಲ್ಲ ಕಪ್ಪು, ಮಧ್ಯೆ ಒಂದು ಹಲ್ಲಿನ ಗುರುತು.

ತ್ಸುಕುಶಿಯವರಿಂದ ಸಹಾಯಕರನ್ನು ಕಿತ್ತುಕೊಳ್ಳಬೇಡಿ ಎಂದು ನಾನೇ ಫೋನ್ ಮಾಡಿ ಹೇಳಿದೆ. ಕೊನೆಗೆ ಎರಡು ಕಡೆಗೂ ಹಂಚಿದರು. ಜನವರಿಯಿಂದ ಸೋಮವಾರ, ಬುಧವಾರ, ಶುಕ್ರವಾರ ನಮಗೆ.

ಕೊಹಾರು ಈಗ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾಳೆ. ಚೀಟಿ ಇನ್ನೂ ಡ್ರಾಯರಿನಲ್ಲೇ ಇದೆ. ಕೆಂಪು ಪೆನ್ಸಿಲ್ಲನ್ನು ನಾನು ಮುಖ್ಯಸ್ಥೆಗೆ ಕೊಟ್ಟುಬಿಟ್ಟೆ. ಇವತ್ತು ಅವಳು ಬರೆದ ಸಂಪರ್ಕ ಪುಸ್ತಕ ತಿದ್ದದೆ ಹೋಯಿತು: 'ರಿಹಿತೊ ಇಂದು ಇಬ್ಬರನ್ನು ಕಚ್ಚಿದ. ಆಮೇಲೆ ಅವರ ಪಕ್ಕ ಹೋಗಿ ಕೂತ.' ಅವನ ಅಮ್ಮ ಏನೆನ್ನುತ್ತಾರೋ.

ಡಿಸೆಂಬರ್ 20, ಶನಿವಾರ

ಅವನ ಅಮ್ಮ ಬರೆದಿದ್ದರು: 'ಮನೆಯಲ್ಲಿ ನನ್ನನ್ನೂ ಕಚ್ಚುತ್ತಾನೆ. ನನ್ನನ್ನು ಮಾತ್ರ ಕಚ್ಚುತ್ತಾನೆಂದು ತಿಳಿದಿದ್ದೆ. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್.' ನಾಲ್ಕು ಸಲ ಓದಿದೆ.

ಜನವರಿ 14, ಬುಧವಾರ

ಸಹಾಯಕರು ಬಂದು ಎರಡನೇ ವಾರ. ಓಕುಮುರ ಎಂದು ಹೆಸರು, ಅರವತ್ತೆಂಟು ವರ್ಷ, ದ್ವೀಪದ ಹಡಗಿನಲ್ಲಿ ಟಿಕೆಟ್ ನೋಡುತ್ತಿದ್ದವರು. ಹತ್ತು ನಿಮಿಷಕ್ಕೊಮ್ಮೆ ಮಕ್ಕಳ ಉಸಿರು ನೋಡಿ ಗುರುತು ಹಾಕುವಾಗ ಅದೇ ಮುಖ. ಟಿಕೆಟ್ ಇಲ್ಲದ ಮಗುವನ್ನು ಅವರು ಮಲಗಲು ಬಿಡಲಾರರು.

ಮೊದಲ ದಿನ ನಮಗೆ ಏನು ಮಾಡಬೇಕೆಂದೇ ತಿಳಿದಿರಲಿಲ್ಲ. ಸಾಮಾನಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತು ಐದು ನಿಮಿಷದಲ್ಲಿ ಉಂಡು ಮುಗಿಸಿ, ಉಳಿದ ನಲವತ್ತು ನಿಮಿಷ ಒಬ್ಬರ ಮುಖ ಒಬ್ಬರು ನೋಡಿದೆವು. ಈಗ ಪರವಾಗಿಲ್ಲ. ಇವತ್ತು ನನಗೆ ಅಲ್ಲೇ ಜೊಂಪು ಹತ್ತಿತು.

ಎದ್ದಾಗ ಮಡಿಲಲ್ಲಿ ಒಂದು ಸಂಪರ್ಕ ಪುಸ್ತಕದ ಹಾಳೆ ಇತ್ತು. ಇಲ್ಲಿ ಅಂಟಿಸಿದ್ದೇನೆ.

'ಹೆಸರು: ಹಟಕೆಡ ಫುಮಿ. ಗುಂಪು: ಬಾತುಕೋಳಿ.
ಊಟ: ಕುಳಿತುಕೊಂಡು. ಅನ್ನ, ಸಾರು, ಮೀನು ಎಲ್ಲ ಖಾಲಿ. ಕುಂಬಳಕಾಯಿ ತಿನ್ನಲಿಲ್ಲ, ಇಷ್ಟವಿಲ್ಲ.
ನಿದ್ದೆ: 1.20ರಿಂದ 1.45. ಗೋಡೆಗೊರಗಿ, ಬಾಯಿ ತೆರೆದುಕೊಂಡು. ಹತ್ತು ನಿಮಿಷಕ್ಕೊಮ್ಮೆ ಉಸಿರು ನೋಡಿದೆ. ಗೊರಕೆ ಹೊಡೆದರು.
ಶೌಚಾಲಯ: ಎರಡು ಸಲ, ಬೇಕೆನ್ನಿಸಿದಾಗ.
ಇಂದಿನ ವಿಷಯ: ಇವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಎಡ ಮೊಣಕಾಲನ್ನು ಡಾಕ್ಟರಿಗೆ ತೋರಿಸಬೇಕು, ಮನೆಯವರು ಗಮನಿಸಿ. ಮುಖ್ಯಸ್ಥೆಯ ಡ್ರಾಯರಿನಿಂದ ನನ್ನ ಚೀಟಿ ವಾಪಸ್ ತೆಗೆದುಕೊಂಡೆ. ಸದ್ಯಕ್ಕೆ ಒಂದು ವರ್ಷಕ್ಕೆ ಮಾತ್ರ. ಕೊಹಾರು.'

ಓದಿದಾಗ ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. 'ಗೊರಕೆ ಹೊಡೆದರು' ಎಂಬುದನ್ನು 'ಆಳವಾದ ವಿಶ್ರಾಂತಿ ಪಡೆದರು' ಎಂದು ಮಾಡಬಹುದಿತ್ತು. ಪೆನ್ಸಿಲ್ ಇರಲಿಲ್ಲ.

ಕೆಳಗೆ 'ಮನೆಯಿಂದ' ಎಂಬ ಜಾಗ ಖಾಲಿ ಬಿಟ್ಟಿದ್ದಾಳೆ. ನಾಳೆ ಬೆಳಗ್ಗೆ ತುಂಬಿ ಅವಳಿಗೆ ಕೊಡಬೇಕು. ಇಲ್ಲಿ ಮೊದಲು ಬರೆದು ನೋಡುತ್ತೇನೆ.

ಜ್ವರ ಇಲ್ಲ. ನಿನ್ನೆ ರಾತ್ರಿ ನಿದ್ದೆ ಆರು ಗಂಟೆ. ಮೊಣಕಾಲು ನೋಯುತ್ತಿದೆ, ಶನಿವಾರ ಡಾಕ್ಟರ ಹತ್ತಿರ ಹೋಗುತ್ತೇನೆ. ಬಸ್ಸಿನಲ್ಲಿ ನಿಮ್ಮ ಹಾಳೆಯನ್ನು ಮತ್ತೆ ಓದಿದೆ, ಓದಿ ಅತ್ತುಬಿಟ್ಟೆ. ಎದುರು ಕೂತವರೆಲ್ಲ ನೋಡಿದರು.